ಗಡಿಯ ಎಚ್ಚರಿಕೆ, ಮುಂಬೈನ ಮತಪೆಟ್ಟಿಗೆ: ಜನರಲ್ ತಿಮ್ಮಯ್ಯ ಅವರ ಮಾತು ಮತದಾರನಿಗೆ ತಲುಪಲೇ ಇಲ್ಲ

ಆಗಸ್ಟ್ 31. ಭಾರತ-ಚೀನಾ ಗಡಿಯ ಕಥೆಯಲ್ಲಿ ಈ ತಾರೀಖು ಎರಡು ಸಲ ಬರುತ್ತದೆ. 1959ರ ಆಗಸ್ಟ್ 31ರಂದು ಭೂಸೇನೆಯ ಮುಖ್ಯಸ್ಥರಾಗಿದ್ದ ಕೊಡಗಿನ ಜನರಲ್ ಕೆ.ಎಸ್. ತಿಮ್ಮಯ್ಯ ತಮ್ಮ ಹುದ್ದೆಗೆ ರಾಜೀನಾಮೆ ಬರೆದು ಪ್ರಧಾನಿ ನೆಹರೂ ಅವರಿಗೆ ಕಳಿಸಿದರು. 2020ರ ಆಗಸ್ಟ್ 31ರ ರಾತ್ರಿ ಪೂರ್ವ ಲಡಾಖ್‌ನ ರೆಚಿನ್ ಲಾ ಭಾಗದಲ್ಲಿ ಚೀನಾದ ಟ್ಯಾಂಕುಗಳು ಮುಂದಕ್ಕೆ ಬರುತ್ತಿದ್ದಾಗ, ಅಂದಿನ ಭೂಸೇನಾ ಮುಖ್ಯಸ್ಥ ಜನರಲ್ ಮನೋಜ್ ನರವಣೆ ಸರ್ಕಾರದ ಸ್ಪಷ್ಟ ಆದೇಶಕ್ಕಾಗಿ ಕಾಯುತ್ತಿದ್ದರು.

ಆ ರಾತ್ರಿ ರಕ್ಷಣಾ ಸಚಿವರಿಂದ ಬಂದ ಉತ್ತರ, ನಿಮಗೆ ಯಾವುದು ಸರಿ ಕಾಣುತ್ತದೋ ಅದನ್ನೇ ಮಾಡಿ ಎಂಬರ್ಥದ್ದು ಎಂದು ನರವಣೆ ತಮ್ಮ ಆತ್ಮಕಥನದಲ್ಲಿ ಬರೆದಿರುವುದನ್ನು 2023ರ ಡಿಸೆಂಬರ್‌ನಲ್ಲಿ ಪಿಟಿಐ ಸುದ್ದಿಸಂಸ್ಥೆ ವರದಿ ಮಾಡಿತು. ಪುಸ್ತಕ 2024ರ ಜನವರಿಯಲ್ಲಿ ಓದುಗರ ಕೈ ಸೇರಬೇಕಿತ್ತು. ಸೇರಲಿಲ್ಲ. ಸೇನೆ ಮತ್ತು ರಕ್ಷಣಾ ಸಚಿವಾಲಯದ ಪರಿಶೀಲನೆಯ ಹೆಸರಿನಲ್ಲಿ ಅದು ನಿಂತುಹೋಯಿತು.

ಎರಡೂ ಘಟನೆಗಳ ನಡುವೆ 61 ವರ್ಷಗಳ ಅಂತರವಿದೆ. ಸರ್ಕಾರಗಳು ಬೇರೆ, ಪಕ್ಷಗಳು ಬೇರೆ, ಸಂದರ್ಭವೂ ಬೇರೆ. ಪ್ರಶ್ನೆ ಮಾತ್ರ ಒಂದೇ: ಯುದ್ಧವನ್ನು, ಯುದ್ಧದ ತಯಾರಿಯನ್ನು ಸರ್ಕಾರ ಹೇಗೆ ನಡೆಸುತ್ತಿದೆ ಎಂಬುದರ ಬಗ್ಗೆ ಒಳಗಿದ್ದು ಬಲ್ಲ ಸೈನಿಕ ಅಸಮಾಧಾನಗೊಂಡರೆ, ಆ ಮಾತು ಜನರಿಗೆ ತಲುಪಲು ದಾರಿ ಯಾವುದು?

ಈ ಪ್ರಶ್ನೆಗೆ ಉತ್ತರ ಹುಡುಕಲು ಲಡಾಖಿಗೇ ಹೋಗಬೇಕಿಲ್ಲ. 1962ರ ಫೆಬ್ರವರಿಯ ಮುಂಬೈ ಉಪನಗರಗಳಿಗೆ ಹೋದರೆ ಸಾಕು. ಯುದ್ಧಕ್ಕೆ ಬರೀ ಎಂಟು ತಿಂಗಳ ಮುನ್ನ, ದೇಶದ ರಕ್ಷಣಾ ಸಚಿವರ ಕಾರ್ಯವೈಖರಿ ಅಲ್ಲಿ ನೇರವಾಗಿ ಮತದಾರನ ಮುಂದೆ ಬಂದಿತ್ತು.

ಎರಡೇ ದಿನದಲ್ಲಿ ಮುಗಿದ ಪ್ರತಿಭಟನೆ

ಮೊದಲು 1959ಕ್ಕೆ ಬರೋಣ. ಮಡಿಕೇರಿಯಲ್ಲಿ ಹುಟ್ಟಿದ ತಿಮ್ಮಯ್ಯ ಆ ಹೊತ್ತಿಗೆ ದೇಶದ ಅತ್ಯಂತ ಜನಪ್ರಿಯ ಸೇನಾಧಿಕಾರಿ. ಎರಡನೇ ಮಹಾಯುದ್ಧದಲ್ಲಿ ಬರ್ಮಾದಲ್ಲಿ ಬ್ರಿಗೇಡ್ ನಡೆಸಿದವರು. 1948ರಲ್ಲಿ ಜೋಜಿ ಲಾ ಕಣಿವೆಗೆ ಟ್ಯಾಂಕುಗಳನ್ನು ಹತ್ತಿಸಿ ಲಡಾಖ್ ಉಳಿಸಿದ ಕಾರ್ಯಾಚರಣೆಯ ಹಿಂದಿದ್ದವರು. ಕೊರಿಯಾ ಯುದ್ಧದ ನಂತರ ಯುದ್ಧಕೈದಿಗಳ ವಾಪಸಾತಿಗಾಗಿ ರಚನೆಯಾದ ತಟಸ್ಥ ರಾಷ್ಟ್ರಗಳ ಆಯೋಗದ ಅಧ್ಯಕ್ಷರಾಗಿದ್ದವರು. 1957ರ ಮೇ ತಿಂಗಳಲ್ಲಿ ಅವರು ಭೂಸೇನೆಯ ಮುಖ್ಯಸ್ಥರಾದರು.

ಅದೇ ವರ್ಷ ರಕ್ಷಣಾ ಸಚಿವರಾದವರು ವಿ.ಕೆ. ಕೃಷ್ಣ ಮೆನನ್. ಬುದ್ಧಿವಂತ, ಮಾತಿನ ಮಲ್ಲ, ನೆಹರೂ ಅವರಿಗೆ ತೀರಾ ಹತ್ತಿರದವರು. ಆದರೆ ಸೇನೆಯ ಹಿರಿಯರೊಂದಿಗೆ ಅವರ ಸಂಬಂಧ ಬೇಗ ಹಳಸಿತು. ಬಡ್ತಿಗಳಲ್ಲಿ ಮುಖ್ಯಸ್ಥರ ಅಭಿಪ್ರಾಯವನ್ನು ಬದಿಗಿಟ್ಟು ಸಚಿವರೇ ಕೈಹಾಕುತ್ತಾರೆ ಎಂಬುದು ಮುಖ್ಯ ದೂರು. ನೆಹರೂ ಕುಟುಂಬಕ್ಕೆ ಆಪ್ತರಾಗಿದ್ದ ಬಿ.ಎಂ. ಕೌಲ್ ಅವರಿಗೆ ಸಿಕ್ಕ ಬಡ್ತಿ ಈ ಜಗಳವನ್ನು ತುದಿ ಮುಟ್ಟಿಸಿತು.

ರಾಜೀನಾಮೆ ಪತ್ರ ಬಂದದ್ದು ಯಾವಾಗ ಎಂಬುದೂ ಮುಖ್ಯ. ಅದಕ್ಕೆ ಆರು ದಿನ ಮುಂಚೆ, ಆಗಸ್ಟ್ 25ರಂದು, ಇಂದಿನ ಅರುಣಾಚಲದ ಲೊಂಗ್ಜು ಠಾಣೆಯಲ್ಲಿ ಚೀನಾ ಸೈನಿಕರು ಗುಂಡು ಹಾರಿಸಿದ್ದರು. ಗಡಿ ಬಿಸಿಯಾಗುತ್ತಿತ್ತು. ಇಂಥ ಹೊತ್ತಿನಲ್ಲಿ ಈ ರಕ್ಷಣಾ ಸಚಿವರ ಕೆಳಗೆ ತನ್ನ ಕರ್ತವ್ಯ ನಿಭಾಯಿಸಲು ಆಗುವುದಿಲ್ಲ ಎಂದು ಸೇನೆಯ ಮುಖ್ಯಸ್ಥನೇ ಹೇಳಿದರೆ ಅದು ಸಣ್ಣ ವಿಷಯವೇ?

ನೆಹರೂ ತಿಮ್ಮಯ್ಯ ಅವರನ್ನು ಕರೆಸಿ ಮಾತಾಡಿದರು. ದೇಶದ ಹಿತಕ್ಕಾಗಿ ಪತ್ರ ಹಿಂತೆಗೆದುಕೊಳ್ಳಿ ಎಂದರು. ತಿಮ್ಮಯ್ಯ ಒಪ್ಪಿದರು. ಅಷ್ಟರಲ್ಲಿ ಸುದ್ದಿ ಪತ್ರಿಕೆಗೆ ಸೋರಿ, ಸಂಸತ್ತಿನಲ್ಲಿ ಗದ್ದಲವಾಯಿತು. ಸೆಪ್ಟೆಂಬರ್ 2ರಂದು ಲೋಕಸಭೆಯಲ್ಲಿ ಮಾತಾಡಿದ ನೆಹರೂ, ಇವೆಲ್ಲ ಸ್ವಭಾವದ ಭಿನ್ನತೆಯಿಂದ ಹುಟ್ಟಿದ ಚಿಲ್ಲರೆ ವಿಷಯಗಳು ಎಂಬಂತೆ ವಿವರಿಸಿದರು. ಸೇನೆಯ ಮೇಲೆ ಚುನಾಯಿತ ಸರ್ಕಾರದ ಅಧಿಕಾರವೇ ಅಂತಿಮ ಎಂದು ಒತ್ತಿ ಹೇಳಿದರು. ತಿಮ್ಮಯ್ಯ ಅವರ ನಡೆಯನ್ನು ಸದನದಲ್ಲೇ ಟೀಕಿಸಿದರು.

ನೆಹರೂ ಹೇಳಿದ ತತ್ವದಲ್ಲಿ ತಪ್ಪಿರಲಿಲ್ಲ. 1958ರಲ್ಲಷ್ಟೇ ಪಾಕಿಸ್ತಾನದಲ್ಲಿ ಜನರಲ್ ಅಯೂಬ್ ಖಾನ್ ಅಧಿಕಾರ ಕಿತ್ತುಕೊಂಡಿದ್ದರು. ಸೇನಾ ಮುಖ್ಯಸ್ಥನೊಬ್ಬ ಸಚಿವನನ್ನು ಇಳಿಸುವ ಪರಿಪಾಠ ಭಾರತದಲ್ಲಿ ಶುರುವಾಗಬಾರದು ಎಂಬ ಆತಂಕ ನಿಜವಾದದ್ದೇ. ಆದರೆ ತತ್ವದ ಹೆಸರಿನಲ್ಲಿ ವಿಷಯವೇ ಮರೆಯಾಯಿತು. ಸೇನೆಯೊಳಗೆ ಏನು ಕೆಟ್ಟಿದೆ ಎಂಬುದು ಚರ್ಚೆಯಾಗಲೇ ಇಲ್ಲ. ರಾಜೀನಾಮೆ ಕೊಟ್ಟು ಹಿಂತೆಗೆದುಕೊಂಡ ತಿಮ್ಮಯ್ಯ ಅವರ ಮಾತಿನ ತೂಕವೂ ಕಡಿಮೆಯಾಯಿತು. ಸಮವಸ್ತ್ರದಲ್ಲಿದ್ದುಕೊಂಡು ಪ್ರತಿಭಟಿಸುವ ದಾರಿ ಅಲ್ಲಿಗೆ ಮುಚ್ಚಿತು.

ಡ್ರಾಯರ್ ಸೇರಿದ ಯೋಜನೆ

ಇದೇ ಅವಧಿಯಲ್ಲಿ ಇನ್ನೊಬ್ಬ ಅಧಿಕಾರಿ ಕಾಗದದ ಮೇಲೆ ಎಚ್ಚರಿಕೆ ಬರೆಯುತ್ತಿದ್ದರು. ಕೊಲ್ಹಾಪುರ ಸೀಮೆಯ ಲೆಫ್ಟಿನೆಂಟ್ ಜನರಲ್ ಎಸ್.ಪಿ.ಪಿ. ಥೋರಾಟ್ ಆಗ ಪೂರ್ವ ವಲಯದ ಸೇನಾ ಕಮಾಂಡರ್. 1959ರ ಅಕ್ಟೋಬರ್‌ನಲ್ಲಿ ಅವರು ಈಶಾನ್ಯ ಗಡಿಯ ರಕ್ಷಣೆಗೆ ಒಂದು ಯೋಜನೆ ಸಿದ್ಧಪಡಿಸಿದರು. ಗಡಿರೇಖೆಯ ತುದಿಯಲ್ಲೇ ನಿಂತು ಕಾದಾಡುವ ಬದಲು, ನಮಗೆ ರಸ್ತೆ ಮತ್ತು ಸಾಮಗ್ರಿ ತಲುಪುವ ಹಿಂದಿನ ನೆಲೆಗಳಲ್ಲಿ ಬಲವಾಗಿ ನಿಂತು, ದೂರದಿಂದ ಬಂದು ದಣಿದ ಶತ್ರುವನ್ನು ಅಲ್ಲಿ ಎದುರಿಸಬೇಕು ಎಂಬುದು ಅದರ ಸಾರ. 1960ರ ಮಾರ್ಚ್‌ನಲ್ಲಿ ಲಖನೌದಲ್ಲಿ ‘ಲಾಲ್ ಕಿಲಾ’ ಹೆಸರಿನ ಸಮರಾಭ್ಯಾಸ ನಡೆಸಿ, ಇದ್ದ ಸೈನ್ಯಬಲದಲ್ಲಿ ಚೀನಾ ದಾಳಿಯನ್ನು ತಡೆಯಲು ಆಗದು ಎಂದು ತೋರಿಸಿಕೊಟ್ಟರು.

ತಿಮ್ಮಯ್ಯ ಈ ಯೋಜನೆಯನ್ನು ಒಪ್ಪಿ ಮೇಲಕ್ಕೆ ಕಳಿಸಿದರು. ಕೃಷ್ಣ ಮೆನನ್ ಅದನ್ನು ತಳ್ಳಿಹಾಕಿದರು. ಅದು ತನ್ನ ಕಣ್ಣಿಗೆ ಬಿದ್ದೇ ಇರಲಿಲ್ಲ ಎಂದು ಯುದ್ಧದ ಸಮಯದಲ್ಲಿ ಕರೆಸಿ ಮಾತಾಡಿದ ನೆಹರೂ ಹೇಳಿದ್ದಾಗಿ ಥೋರಾಟ್ ತಮ್ಮ ಆತ್ಮಕಥೆಯಲ್ಲಿ ದಾಖಲಿಸಿದ್ದಾರೆ.

1961ರ ಮೇ ತಿಂಗಳಲ್ಲಿ ತಿಮ್ಮಯ್ಯ ನಿವೃತ್ತರಾದರು. ತಮ್ಮ ನಂತರ ಥೋರಾಟ್ ಬರಲಿ ಎಂದು ಅವರು ಶಿಫಾರಸು ಮಾಡಿದ್ದರು. ಆದರೆ ಮುಖ್ಯಸ್ಥರಾದವರು ಪಿ.ಎನ್. ಥಾಪರ್. ಕೌಲ್ ಅವರಿಗೆ ಜನರಲ್ ಸ್ಟಾಫ್ ಮುಖ್ಯಸ್ಥನ ಪ್ರಭಾವಿ ಸ್ಥಾನ ಸಿಕ್ಕಿತು. ನವೆಂಬರ್ ಹೊತ್ತಿಗೆ ‘ಫಾರ್ವರ್ಡ್ ಪಾಲಿಸಿ’ ಜಾರಿಗೆ ಬಂತು. ಥೋರಾಟ್ ಯೋಜನೆ ಹೇಳಿದ್ದಕ್ಕೆ ಇದು ಪೂರ್ತಿ ವಿರುದ್ಧ. ರಸ್ತೆಯಿಲ್ಲದ, ಫಿರಂಗಿಯಿಲ್ಲದ ಎತ್ತರದ ಜಾಗಗಳಲ್ಲಿ ಸಣ್ಣ ಸಣ್ಣ ಠಾಣೆಗಳನ್ನು ಮುಂದಕ್ಕೆ ತಳ್ಳುವುದೇ ನೀತಿಯಾಯಿತು.

ಬಾಂಬೆ ಉತ್ತರದ ಮಹಾಸಮರ

ಈಗ ಮುಂಬೈಗೆ ಬರೋಣ. ಕೃಷ್ಣ ಮೆನನ್ ಹುಟ್ಟಿದ್ದು ಕೇರಳದಲ್ಲಾದರೂ ಲೋಕಸಭೆಗೆ ಆರಿಸಿ ಬಂದದ್ದು ಮುಂಬೈನ ಉಪನಗರಗಳನ್ನು ಒಳಗೊಂಡಿದ್ದ ಉತ್ತರದ ಕ್ಷೇತ್ರದಿಂದ, 1957ರಲ್ಲಿ. 1962ರಲ್ಲೂ ಅವರು ಅಲ್ಲಿಂದಲೇ ಕಣಕ್ಕಿಳಿದರು. ಅವರ ಎದುರು ನಿಂತವರು ಕಾಂಗ್ರೆಸ್ಸಿನ ಮಾಜಿ ಅಧ್ಯಕ್ಷ, ಗಾಂಧೀಜಿಯ ಸಂಗಾತಿ ಆಚಾರ್ಯ ಜೆ.ಬಿ. ಕೃಪಲಾನಿ.

ಕೃಪಲಾನಿ ಸುಮ್ಮನೆ ಸ್ಪರ್ಧೆಗೆ ನಿಂತವರಲ್ಲ. 1961ರ ಏಪ್ರಿಲ್‌ನಲ್ಲಿ ಲೋಕಸಭೆಯಲ್ಲಿ ಮೆನನ್ ವಿರುದ್ಧ ಕಟುವಾದ ಭಾಷಣ ಮಾಡಿದ್ದರು. ಸೇನೆಯಲ್ಲಿ ಗುಂಪುಗಾರಿಕೆ ಬೆಳೆಸಿದ್ದೀರಿ, ಸೈನಿಕರ ಮನೋಬಲ ಕುಗ್ಗಿಸಿದ್ದೀರಿ, ಬಡ ದೇಶದ ಹಣ ಪೋಲು ಮಾಡಿದ್ದೀರಿ ಎಂಬುದು ಅವರ ಆರೋಪ. ಅದೇ ಆರೋಪಗಳನ್ನು ಹೊತ್ತು ಅವರು ಮೆನನ್ ಅವರ ಕ್ಷೇತ್ರಕ್ಕೇ ಬಂದರು. ಪ್ರಜಾ ಸೋಷಲಿಸ್ಟರು, ಸ್ವತಂತ್ರ ಪಕ್ಷ, ಜನಸಂಘ ಎಲ್ಲರೂ ಅವರ ಬೆನ್ನಿಗೆ ನಿಂತರು. ಮೆನನ್ ಪರವಾಗಿ ಕಾಂಗ್ರೆಸ್ಸಿನ ಜೊತೆಗೆ ಕಮ್ಯುನಿಸ್ಟರೂ ಓಡಾಡಿದರು. ಸ್ವತಃ ನೆಹರೂ ಪ್ರಚಾರಕ್ಕಿಳಿದರು. ನೆಹರೂ ಮಾತಿಗೆ ಓಗೊಟ್ಟು ನಟ ದಿಲೀಪ್ ಕುಮಾರ್ ಕೂಡ ಬಂದರು. ವಿದೇಶಿ ಪತ್ರಕರ್ತರೂ ಕುತೂಹಲದಿಂದ ನೋಡಿದ ಚುನಾವಣೆ ಅದು.

ಆದರೆ ಮತದಾನಕ್ಕೆ ಎರಡು ತಿಂಗಳ ಮುಂಚೆ ಇನ್ನೊಂದು ಬೆಳವಣಿಗೆ ನಡೆದಿತ್ತು. 1961ರ ಡಿಸೆಂಬರ್ 18, 19ರಂದು ಭಾರತೀಯ ಸೇನೆ ಗೋವಾಕ್ಕೆ ನುಗ್ಗಿ, ಎರಡು ದಿನದೊಳಗೆ ಪೋರ್ಚುಗೀಸರ ನಾಲ್ಕೂವರೆ ಶತಮಾನದ ಆಳ್ವಿಕೆಯನ್ನು ಮುಗಿಸಿತ್ತು. ಚುನಾವಣೆಗಾಗಿಯೇ ಈ ಕಾರ್ಯಾಚರಣೆ ಎಂದು ಟೀಕಾಕಾರರು ಆಗಲೇ ಹೇಳಿದ್ದರು. ಅದು ಪೂರ್ತಿ ನ್ಯಾಯದ ಮಾತಲ್ಲ. ಗೋವಾ ಬಿಡುಗಡೆಗೆ ಸತ್ಯಾಗ್ರಹಿಗಳು ವರ್ಷಗಟ್ಟಲೆ ಹೋರಾಡಿದ್ದರು, ಪೋರ್ಚುಗಲ್ ಮಾತುಕತೆಗೆ ಬಗ್ಗಿರಲಿಲ್ಲ. ಆದರೆ ಮುಂಬೈನಂಥ ನಗರದಲ್ಲಿ, ಗೋವಾದವರು ದೊಡ್ಡ ಸಂಖ್ಯೆಯಲ್ಲಿ ನೆಲೆಸಿದ್ದ ಊರಿನಲ್ಲಿ, ಆ ಗೆಲುವಿನ ಪರಿಣಾಮ ಏನಾಗಿರಬಹುದು ಎಂದು ಊಹಿಸುವುದು ಕಷ್ಟವಲ್ಲ.

ಫಲಿತಾಂಶ ಬಂದಾಗ ಮೆನನ್ ಅವರಿಗೆ ಕೃಪಲಾನಿಗಿಂತ ಸುಮಾರು ಎರಡು ಪಟ್ಟು ಮತ ಬಿದ್ದಿತ್ತು.

ಮತದಾರ ಕಂಡದ್ದು, ಕಾಣದ್ದು

ಹಾಗಾದರೆ ಮುಂಬೈ ಉಪನಗರಗಳ ಮತದಾರ ತಪ್ಪು ಮಾಡಿದನೇ? ಇದು ಸುಲಭವಾಗಿ ಬರುವ ತೀರ್ಮಾನ, ಆದರೆ ಸರಿಯಾದದ್ದಲ್ಲ. ಆ ಮತದಾರನ ಮುಂದೆ ಏನಿತ್ತು, ಏನಿರಲಿಲ್ಲ ಎಂದು ಒಮ್ಮೆ ಲೆಕ್ಕ ಹಾಕಿ ನೋಡಿ.

ತಿಮ್ಮಯ್ಯ ಅವರ ಅಸಮಾಧಾನವನ್ನು ಪ್ರಧಾನಿಯೇ ಚಿಲ್ಲರೆ ಎಂದು ಸದನದಲ್ಲಿ ಹೇಳಿದ್ದರು. ಥೋರಾಟ್ ಯೋಜನೆಯ ಸಂಗತಿ ಪ್ರಧಾನಿಗೇ ತಲುಪಿರಲಿಲ್ಲ ಎಂದ ಮೇಲೆ ಸಾಮಾನ್ಯ ಮತದಾರನಿಗೆ ಎಲ್ಲಿಂದ ತಲುಪಬೇಕು? ‘ಲಾಲ್ ಕಿಲಾ’ ಅಭ್ಯಾಸದ ಫಲಿತಾಂಶ ಸೇನೆಯ ಕಡತಗಳಲ್ಲಿತ್ತು. ಕಣ್ಣಿಗೆ ಕಾಣುತ್ತಿದ್ದದ್ದು ಒಂದೇ, ಗೋವಾದ ಗೆಲುವು. ಇದ್ದ ಸಾಕ್ಷ್ಯದ ಮೇಲೆ ಮತದಾರ ತೀರ್ಪು ಕೊಟ್ಟ. ಮುಖ್ಯ ಸಾಕ್ಷ್ಯವನ್ನೇ ಮುಚ್ಚಿಟ್ಟಿದ್ದರು.

ತಿಮ್ಮಯ್ಯ ಬಹಿರಂಗವಾಗಿ ಬರೆದದ್ದು ಚುನಾವಣೆ ಮುಗಿದ ಮೇಲೆ. ರೋಮೇಶ್ ಮತ್ತು ರಾಜ್ ಥಾಪರ್ ದಂಪತಿ 1959ರಲ್ಲಿ ಮುಂಬೈನಲ್ಲಿ ಆರಂಭಿಸಿದ್ದ ‘ಸೆಮಿನಾರ್’ ಮಾಸಪತ್ರಿಕೆಯ 1962ರ ಜುಲೈ ಸಂಚಿಕೆಯಲ್ಲಿ ಅವರ ಲೇಖನ ಬಂತು. ಅವರು ಹೇಳಿದ್ದು ಇಷ್ಟು: ಪಾಕಿಸ್ತಾನದ ಜೊತೆ ಪೂರ್ಣ ಪ್ರಮಾಣದ ಯುದ್ಧವನ್ನು ಲೆಕ್ಕ ಹಾಕಬಹುದು, ಆದರೆ ಭಾರತ ಒಂಟಿಯಾಗಿ ಚೀನಾವನ್ನು ಬಯಲು ಯುದ್ಧದಲ್ಲಿ ಎದುರಿಸುವುದನ್ನು ಸೈನಿಕನಾಗಿ ತಾನು ಊಹಿಸಲೂ ಆರೆ, ಆದ್ದರಿಂದ ಆ ಗಡಿಯ ಭದ್ರತೆಯನ್ನು ರಾಜಕಾರಣ ಮತ್ತು ರಾಜತಾಂತ್ರಿಕತೆಯೇ ನೋಡಿಕೊಳ್ಳಬೇಕು.

ಒಬ್ಬ ವೀರ ಸೇನಾನಿಯ ಬಾಯಲ್ಲಿ ಇದು ಕಷ್ಟದ ಮಾತು. ನಮ್ಮ ಶಕ್ತಿ ಇಷ್ಟೇ ಎಂದು ಒಪ್ಪಿಕೊಳ್ಳಲು ಧೈರ್ಯ ಬೇಕು. ಆದರೆ ಅದನ್ನು ಓದಿ ಯಾರೂ ನೀತಿ ಬದಲಿಸಲಿಲ್ಲ. ಆ ಹೊತ್ತಿಗೆ ಲಡಾಖ್‌ನ ಮುಂಚೂಣಿ ಠಾಣೆಗಳನ್ನು ಚೀನೀಯರು ಸುತ್ತುವರಿಯುತ್ತಿದ್ದರು. ದಿಲ್ಲಿಯಲ್ಲಿ ಮಾತ್ರ, ಚೀನಾ ದೊಡ್ಡ ಯುದ್ಧಕ್ಕೆ ಬರುವುದಿಲ್ಲ ಎಂಬ ನಂಬಿಕೆ ಅಲುಗಾಡಿರಲಿಲ್ಲ.

ಮೂವತ್ತೆರಡು ದಿನ

ಅಕ್ಟೋಬರ್ 20ರ ಬೆಳಗ್ಗೆ ದಾಳಿ ಶುರುವಾಯಿತು. ಮುಂದಿನದು ಎಲ್ಲರಿಗೂ ಗೊತ್ತಿರುವ ಕಥೆ. ನಮ್ಕಾ ಚು ಹೊಳೆಯ ದಂಡೆ, ಸೆ ಲಾ, ಬೊಮ್ಡಿಲಾ ಒಂದಾದ ಮೇಲೊಂದು ಕೈಬಿಟ್ಟವು. ಚಳಿಗೆ ತಕ್ಕ ಬಟ್ಟೆಯಿಲ್ಲದೆ, ಸಾಕಷ್ಟು ಮದ್ದುಗುಂಡಿಲ್ಲದೆ ಸೈನಿಕರು ಕಾದಾಡಿದರು. ನವೆಂಬರ್ 21ರಂದು ಚೀನಾ ತಾನಾಗಿಯೇ ಕದನವಿರಾಮ ಘೋಷಿಸುವ ಹೊತ್ತಿಗೆ ಅಧಿಕೃತ ಲೆಕ್ಕದಂತೆ 1,383 ಭಾರತೀಯ ಸೈನಿಕರು ಸತ್ತಿದ್ದರು. ಸುಮಾರು 1,700 ಮಂದಿಯ ಪತ್ತೆಯಿರಲಿಲ್ಲ. ಸುಮಾರು 4,000 ಮಂದಿ ಸೆರೆ ಸಿಕ್ಕಿದ್ದರು.

ಅಕ್ಟೋಬರ್ ಕೊನೆಯಲ್ಲಿ ರಕ್ಷಣಾ ಖಾತೆ ಕಳೆದುಕೊಂಡ ಮೆನನ್, ನವೆಂಬರ್ 7ರಂದು ಸಂಪುಟದಿಂದಲೇ ಹೊರಬಂದರು. ಅವರ ಜಾಗಕ್ಕೆ ಮುಂಬೈನಿಂದಲೇ ಇನ್ನೊಬ್ಬರು ಹೋದರು. ಮಹಾರಾಷ್ಟ್ರದ ಮುಖ್ಯಮಂತ್ರಿಯಾಗಿದ್ದ ಯಶವಂತರಾವ್ ಚವಾಣ್ ರಕ್ಷಣಾ ಸಚಿವರಾದರು. ಹಿಮಾಲಯದ ನೆರವಿಗೆ ಸಹ್ಯಾದ್ರಿ ಧಾವಿಸಿತು ಎಂದು ಮರಾಠಿ ಜನ ಇಂದಿಗೂ ಹೆಮ್ಮೆಯಿಂದ ಹೇಳುತ್ತಾರೆ.

ಆಗ ರಚನೆಯಾದ ರಾಷ್ಟ್ರೀಯ ರಕ್ಷಣಾ ಮಂಡಳಿಗೆ ಸರ್ಕಾರ ಯಾರನ್ನು ಕರೆಯಿತು ಗೊತ್ತೇ? ತಿಮ್ಮಯ್ಯ ಮತ್ತು ಥೋರಾಟ್ ಅವರನ್ನು. ಊರೆಲ್ಲ ಸೂರೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರಂತೆ ಎಂಬ ಗಾದೆ ನೆನಪಾಗುತ್ತದೆ.

ಇಲ್ಲಿ ಎರಡು ಮಾತು ನ್ಯಾಯವಾಗಿ ಹೇಳಬೇಕು. ಒಂದು, ಮೆನನ್ ಅವರನ್ನು ಖಳನಾಯಕ ಮಾಡಿ ಕೈತೊಳೆದುಕೊಳ್ಳುವುದು ಸರಿಯಲ್ಲ. ಡಿಆರ್‌ಡಿಒ ಹುಟ್ಟಿದ್ದು ಅವರ ಕಾಲದಲ್ಲಿ. ದೇಶೀ ಶಸ್ತ್ರಾಸ್ತ್ರ ತಯಾರಿಕೆಗೆ ಅವರು ಒತ್ತು ಕೊಟ್ಟರು. ವಿಜಯಪುರದಲ್ಲೂ ನಾವು ಕಾಣುವ ಸೈನಿಕ ಶಾಲೆಗಳ ಕಲ್ಪನೆ ಅವರದೇ. ಎರಡು, ತಿಮ್ಮಯ್ಯ ಅವರನ್ನೂ ಪ್ರಶ್ನಿಸಬಹುದು. ನಾಲ್ಕು ವರ್ಷ ಮುಖ್ಯಸ್ಥರಾಗಿದ್ದವರು ತಯಾರಿಯ ಕೊರತೆಗೆ ಪೂರ್ತಿ ಹೊರಗಿನವರಲ್ಲ. ರಾಜೀನಾಮೆ ಹಿಂತೆಗೆದುಕೊಂಡದ್ದು ಸರಿಯೇ ಎಂಬ ಚರ್ಚೆಯೂ ಇದೆ. ಅವರು ಪ್ರತಿ ವಿಷಯದಲ್ಲೂ ಸರಿ ಇದ್ದರೇ ಎಂಬುದು ಇಲ್ಲಿ ಮುಖ್ಯವಲ್ಲ. ಅವರ ವಾದವನ್ನು ಯುದ್ಧಕ್ಕೆ ಮುಂಚೆ ಬಯಲಲ್ಲಿಟ್ಟು ಪರೀಕ್ಷಿಸುವ ಅವಕಾಶ ದೇಶಕ್ಕೆ ಸಿಗಲಿಲ್ಲ ಎಂಬುದು ಮುಖ್ಯ.

ಮುಂಬೈ ಕಂಡ ಇತರ ದಾರಿಗಳು

ಸೈನಿಕರ ಪ್ರತಿಭಟನೆ ಮುಂಬೈಗೆ ಹೊಸದಲ್ಲ. 1946ರ ಫೆಬ್ರವರಿ 18ರಂದು ಕೊಲಾಬಾದ ‘ತಲ್ವಾರ್’ ನೌಕಾ ತರಬೇತಿ ಕೇಂದ್ರದಲ್ಲಿ ನಾವಿಕರು ಕೆಲಸ ನಿಲ್ಲಿಸಿದರು. ಕೆಟ್ಟ ಊಟ, ಅವಮಾನದ ಬೈಗುಳಗಳಿಂದ ಶುರುವಾದ ಅಸಮಾಧಾನ ಬಹುಬೇಗ ರಾಜಕೀಯ ಬೇಡಿಕೆಗಳಾಯಿತು. ಅದರಲ್ಲಿ ಒಂದು, ಇಂಡೋನೇಷ್ಯಾದಲ್ಲಿ ಅಲ್ಲಿನ ಸ್ವಾತಂತ್ರ್ಯ ಹೋರಾಟಗಾರರ ವಿರುದ್ಧ ಬಳಸುತ್ತಿರುವ ಭಾರತೀಯ ಪಡೆಗಳನ್ನು ವಾಪಸು ಕರೆಸಬೇಕು ಎಂಬುದು. ಒಂದು ಸರ್ಕಾರ ನಡೆಸುತ್ತಿದ್ದ ಯುದ್ಧವನ್ನು ಸಮವಸ್ತ್ರದಲ್ಲೇ ವಿರೋಧಿಸಿದ ನಾವಿಕರು ಅವರು. ಮುಂಬೈನ ಕಾರ್ಮಿಕರು ಅವರ ಪರ ಬೀದಿಗಿಳಿದರು, ಗುಂಡಿಗೆ ನೂರಾರು ಜನ ಬಲಿಯಾದರು. ಪಟೇಲ್, ಜಿನ್ನಾ ಇಬ್ಬರ ಸಲಹೆಯಂತೆ ನಾವಿಕರು ಶರಣಾದರು. ಕೆಲಸ ಕಳೆದುಕೊಂಡವರನ್ನು ಸ್ವತಂತ್ರ ಭಾರತದ ನೌಕಾಪಡೆಯೂ ಮರಳಿ ಸೇರಿಸಿಕೊಳ್ಳಲಿಲ್ಲ. ಪರಕೀಯ ಆಡಳಿತದಲ್ಲಿ ಬಂಡಾಯಕ್ಕೆ ಅರ್ಥವಿತ್ತು. ಚುನಾಯಿತ ಸರ್ಕಾರ ಇರುವಾಗ ಆ ದಾರಿ ಇಲ್ಲ, ಇರಲೂಬಾರದು.

ಇನ್ನೊಂದು ದಾರಿ ನೇರವಾಗಿ ರಾಜಕೀಯಕ್ಕೆ ಇಳಿಯುವುದು. ಕೊಡಗಿನವರೇ ಆದ, ಸ್ವತಂತ್ರ ಭಾರತದ ಮೊದಲ ಭಾರತೀಯ ಸೇನಾ ಮುಖ್ಯಸ್ಥ ಕೆ.ಎಂ. ಕಾರ್ಯಪ್ಪ 1971ರಲ್ಲಿ ಮುಂಬೈನಿಂದಲೇ ಲೋಕಸಭೆಗೆ ಸ್ಪರ್ಧಿಸಿ ಸೋತರು. ದೇಶ ಅವರನ್ನು ಸೇನಾನಿಯಾಗಿ ಪೂಜಿಸಿತು, ಆದರೆ ಮತದಾರ ಪೂಜೆಯನ್ನು ಮತವಾಗಿ ಬದಲಿಸಲಿಲ್ಲ. ಈಚಿನ ವರ್ಷಗಳಲ್ಲಿ ಆ ದಾರಿ ಸುಗಮವಾಗಿದೆ. ಸೇನಾ ಮುಖ್ಯಸ್ಥರಾಗಿದ್ದ ವಿ.ಕೆ. ಸಿಂಗ್ ನಿವೃತ್ತಿಯಾದ ಎರಡು ವರ್ಷದೊಳಗೆ ಸಂಸದರಾಗಿ ಸಚಿವರೂ ಆದರು. ತಪ್ಪೇನಿಲ್ಲ, ಅದು ಯಾವುದೇ ಪ್ರಜೆಯ ಹಕ್ಕು. ಆದರೆ ಪಕ್ಷದ ಚಿಹ್ನೆ ಅಂಟಿಕೊಂಡ ಮೇಲೆ ಎಚ್ಚರಿಕೆಯ ಮಾತಿಗೆ ಮೊದಲಿನ ತೂಕ ಉಳಿಯುವುದಿಲ್ಲ.

ಮೂರನೆಯ ದಾರಿ ಅಡ್ಮಿರಲ್ ಎಲ್. ರಾಮದಾಸ್ ಅವರದು. ಮುಂಬೈನಲ್ಲಿ ಹುಟ್ಟಿ, 1971ರ ಯುದ್ಧದಲ್ಲಿ ಐಎನ್‌ಎಸ್ ಬಿಯಾಸ್ ನಡೆಸಿ ವೀರಚಕ್ರ ಪಡೆದು, 1990ರಿಂದ 1993ರವರೆಗೆ ನೌಕಾಪಡೆಯ ಮುಖ್ಯಸ್ಥರಾಗಿದ್ದವರು. ನಿವೃತ್ತಿಯ ನಂತರ ಮುಂಬೈ ಬಂದರಿನ ಆಚೆ ದಡದ ಅಲಿಬಾಗ್ ಬಳಿಯ ಹಳ್ಳಿಯಲ್ಲಿ ನೆಲೆಸಿದರು. ಅಣ್ವಸ್ತ್ರದ ವಿರುದ್ಧ, ಪಾಕಿಸ್ತಾನದ ಜೊತೆ ಶಾಂತಿಯ ಪರ ಮಾತಾಡಿದರು. ಅದಕ್ಕಾಗಿ 2004ರಲ್ಲಿ ಪಾಕಿಸ್ತಾನದ ಐ.ಎ. ರೆಹಮಾನ್ ಅವರ ಜೊತೆ ಮ್ಯಾಗ್ಸೆಸೆ ಪ್ರಶಸ್ತಿ ಹಂಚಿಕೊಂಡರು. 2024ರ ಮಾರ್ಚ್‌ನಲ್ಲಿ ತಮ್ಮ 90ನೇ ವಯಸ್ಸಿನಲ್ಲಿ ತೀರಿಕೊಂಡರು.

2019ರ ಫೆಬ್ರವರಿಯಲ್ಲಿ ಪುಲ್ವಾಮಾದಲ್ಲಿ 40 ಸಿಆರ್‌ಪಿಎಫ್ ಯೋಧರು ಬಲಿಯಾದರು. ಅವರಲ್ಲಿ ನಮ್ಮ ಮಂಡ್ಯದವರೂ ಒಬ್ಬರಿದ್ದರು. ನಂತರ ಬಾಲಾಕೋಟ್ ದಾಳಿ ನಡೆಯಿತು, ಚುನಾವಣೆಯೂ ಬಂತು. ಸೇನೆಯ ಕಾರ್ಯಾಚರಣೆಯನ್ನು ಮತ ಕೇಳಲು ಬಳಸಬೇಡಿ ಎಂದು ರಾಮದಾಸ್ ಮಾರ್ಚ್‌ನಲ್ಲೇ ಮುಖ್ಯ ಚುನಾವಣಾ ಆಯುಕ್ತರಿಗೆ ಪತ್ರ ಬರೆದರು. ಏಪ್ರಿಲ್ 9ರಂದು ಮಹಾರಾಷ್ಟ್ರದ ಲಾತೂರ್‌ನಲ್ಲಿ ಪ್ರಧಾನಿ ಮೋದಿ, ಮೊದಲ ಸಲ ಮತ ಹಾಕುವವರು ತಮ್ಮ ಮತವನ್ನು ಬಾಲಾಕೋಟ್ ವೀರರಿಗೆ, ಪುಲ್ವಾಮಾ ಹುತಾತ್ಮರಿಗೆ ಅರ್ಪಿಸಬಹುದೇ ಎಂದು ಕೇಳಿದರು. ಎರಡು ದಿನದ ನಂತರ 150ಕ್ಕೂ ಹೆಚ್ಚು ನಿವೃತ್ತ ಸೈನಿಕರ ಹೆಸರಿನಲ್ಲಿ ರಾಷ್ಟ್ರಪತಿಗಳಿಗೆ ಬರೆದ ಪತ್ರ ಹೊರಬಂತು. ಸೇನೆಯನ್ನು ಒಬ್ಬ ನಾಯಕನ ಸೇನೆ ಎಂದು ಕರೆಯುವುದನ್ನು ಅದು ವಿರೋಧಿಸಿತ್ತು.

ಆ ಪತ್ರಕ್ಕೆ ಏನಾಯಿತು? ತಾವು ಸಹಿ ಹಾಕಿಲ್ಲ ಎಂದು ಮಾಜಿ ಸೇನಾ ಮುಖ್ಯಸ್ಥ ರೋಡ್ರಿಗಸ್ ಮತ್ತು ಮಾಜಿ ವಾಯುಪಡೆ ಮುಖ್ಯಸ್ಥ ಎನ್.ಸಿ. ಸೂರಿ ಹೇಳಿದರು. ಪತ್ರವೇ ಬಂದಿಲ್ಲ ಎಂದು ರಾಷ್ಟ್ರಪತಿ ಭವನದ ಮೂಲಗಳು ಹೇಳಿದವು. ಯಾರು ಸಹಿ ಹಾಕಿದರು, ಯಾರು ಹಾಕಲಿಲ್ಲ ಎಂಬುದೇ ಸುದ್ದಿಯಾಯಿತು. ಪತ್ರದಲ್ಲಿದ್ದ ವಿಷಯ ಮರುದಿನಕ್ಕೆ ಮಾಯ. ಲಾತೂರ್ ಭಾಷಣದಲ್ಲಿ ನೀತಿಸಂಹಿತೆ ಉಲ್ಲಂಘನೆಯಾಗಿಲ್ಲ ಎಂದು ಚುನಾವಣಾ ಆಯೋಗ ತೀರ್ಮಾನಿಸಿತು. 1959ರಲ್ಲಿ ನಡೆದದ್ದೂ ಇದೇ ಅಲ್ಲವೇ? ಹೇಳಿದವನ ನಡತೆಯ ಬಗ್ಗೆ ಚರ್ಚೆ, ಹೇಳಿದ್ದರ ಬಗ್ಗೆ ಮೌನ.

ನಿವೃತ್ತರು ಮಾತಾಡಬೇಕೇ?

ನಿವೃತ್ತ ಸೇನಾಧಿಕಾರಿಗಳು ಬಾಯಿಬಿಟ್ಟರೆ ಸೈನಿಕರ ಮನೋಬಲ ಕುಗ್ಗುತ್ತದೆ, ಶತ್ರುವಿಗೆ ಅನುಕೂಲವಾಗುತ್ತದೆ ಎಂಬ ವಾದವಿದೆ. ಇದನ್ನು ಸುಮ್ಮನೆ ತಳ್ಳಿಹಾಕುವಂತಿಲ್ಲ. ಕಾರ್ಯಾಚರಣೆಯ ಗುಟ್ಟುಗಳು ಗುಟ್ಟಾಗಿಯೇ ಇರಬೇಕು. ಅದಕ್ಕೆ ಅಧಿಕೃತ ರಹಸ್ಯ ಕಾಯ್ದೆ ಇದೆ, ಅದು ನಿವೃತ್ತರಿಗೂ ಅನ್ವಯಿಸುತ್ತದೆ. 2021ರಲ್ಲಿ ಗುಪ್ತಚರ ಮತ್ತು ಭದ್ರತಾ ಸಂಸ್ಥೆಗಳ ನಿವೃತ್ತರು ಅನುಮತಿಯಿಲ್ಲದೆ ಬರೆಯದಂತೆ ಪಿಂಚಣಿ ನಿಯಮವನ್ನೂ ಬಿಗಿ ಮಾಡಲಾಯಿತು. ಸೇನೆಯ ನಿವೃತ್ತರು ಆ ನಿಯಮದ ವ್ಯಾಪ್ತಿಯಲ್ಲಿಲ್ಲ. ಆದರೆ ಅದು ಕೊಟ್ಟ ಸೂಚನೆ ಎಲ್ಲರಿಗೂ ಅರ್ಥವಾಗಿದೆ.

ಇನ್ನೊಂದು ಸಂಗತಿ ಗಮನಿಸಿ. ಟಿವಿ ಚಾನೆಲ್‌ಗಳ ಸಂಜೆಯ ಚರ್ಚೆಯಲ್ಲಿ ಕೂತು ಯುದ್ಧಕ್ಕೆ ಕರೆಕೊಡುವ ನಿವೃತ್ತ ಅಧಿಕಾರಿಗೆ, ನೀವು ಮಾತಾಡಬಾರದು ಎಂದು ಯಾರೂ ಹೇಳುವುದಿಲ್ಲ. ತಯಾರಿ ಸಾಲದು ಎಂದವನಿಗೆ ಮಾತ್ರ ಶಿಸ್ತಿನ ಪಾಠ. ಮೌನದ ನಿಯಮ ಇರುವುದೇ ಆದರೆ ಇಬ್ಬರಿಗೂ ಇರಲಿ.

ಸೇವೆಯಲ್ಲಿರುವ ಸೈನಿಕ ಮೌನವಾಗಿರಬೇಕು ಎಂಬ ನಿಯಮವನ್ನು ನಾವೆಲ್ಲ ಒಪ್ಪಿದ್ದೇವೆ. ಭಾರತದ ಪ್ರಜಾಪ್ರಭುತ್ವ ಉಳಿದಿರುವುದಕ್ಕೆ ಅದೂ ಒಂದು ಕಾರಣ. ಹಾಗಿದ್ದ ಮೇಲೆ ಯುದ್ಧದ ಒಳಗನ್ನು ಬಲ್ಲವನು ಜನರಿಗೆ ಏನಾದರೂ ಹೇಳಲು ಉಳಿಯುವ ಏಕೈಕ ಕಾಲ ನಿವೃತ್ತಿಯ ನಂತರದ್ದು. ಅದನ್ನೂ ಮುಚ್ಚಿದರೆ, ಸರ್ಕಾರ ತನ್ನ ಬಗ್ಗೆ ತಾನೇ ಹೇಳಿಕೊಳ್ಳುವುದಷ್ಟೇ ಮತದಾರನ ಪಾಲಿಗೆ ಉಳಿಯುತ್ತದೆ.

ಕಾರ್ಗಿಲ್ ಕಲಿಸಿದ್ದು, ಮರೆತದ್ದು

1962ರ ಸೋಲಿನ ಕಾರಣಗಳನ್ನು ಲೆಫ್ಟಿನೆಂಟ್ ಜನರಲ್ ಹೆಂಡರ್ಸನ್ ಬ್ರೂಕ್ಸ್ ಮತ್ತು ಬ್ರಿಗೇಡಿಯರ್ ಪಿ.ಎಸ್. ಭಗತ್ ಪರಿಶೀಲಿಸಿ 1963ರಲ್ಲೇ ವರದಿ ಕೊಟ್ಟರು. ಆರು ದಶಕ ಕಳೆದರೂ ಸರ್ಕಾರ ಅದನ್ನು ಬಿಡುಗಡೆ ಮಾಡಿಲ್ಲ. ಈ ವಿಷಯದಲ್ಲಿ ಪಕ್ಷಭೇದವಿಲ್ಲ. 2010ರಲ್ಲಿ ಕಾಂಗ್ರೆಸ್ಸಿನ ರಕ್ಷಣಾ ಸಚಿವ ಎ.ಕೆ. ಆಂಟನಿ, ಅದರ ವಿಷಯ ಇಂದಿಗೂ ಸೂಕ್ಷ್ಮ ಎಂದರು. 2014ರ ಮಾರ್ಚ್‌ನಲ್ಲಿ ವಿರೋಧ ಪಕ್ಷದಲ್ಲಿದ್ದ ಅರುಣ್ ಜೇಟ್ಲಿ, ಇಂಥ ದಾಖಲೆಗಳನ್ನು ಎಂದೆಂದಿಗೂ ಮುಚ್ಚಿಡುವುದು ಸರಿಯಲ್ಲ ಎಂದು ಬರೆದರು. ನಾಲ್ಕೇ ತಿಂಗಳಲ್ಲಿ ಅವರೇ ರಕ್ಷಣಾ ಸಚಿವರಾಗಿ, ಬಿಡುಗಡೆ ದೇಶಹಿತವಲ್ಲ ಎಂದು ರಾಜ್ಯಸಭೆಗೆ ಉತ್ತರಿಸಿದರು.

ಇದಕ್ಕೆ ವಿರುದ್ಧದ ಮಾದರಿಯೂ ನಮ್ಮಲ್ಲೇ ಇದೆ. 1999ರ ಕಾರ್ಗಿಲ್ ಯುದ್ಧ ಮುಗಿದ ಮೂರು ದಿನದಲ್ಲಿ ವಾಜಪೇಯಿ ಸರ್ಕಾರ ಕೆ. ಸುಬ್ರಹ್ಮಣ್ಯಂ ಸಮಿತಿ ರಚಿಸಿತು. ಅದರ ವರದಿ, ಕೆಲವು ಭಾಗ ತೆಗೆದು, 2000ದ ಫೆಬ್ರವರಿಯಲ್ಲಿ ಸಂಸತ್ತಿನ ಮುಂದೆ ಬಂತು. ಗುಪ್ತಚರ ವೈಫಲ್ಯವನ್ನು ಅದು ಮುಚ್ಚುಮರೆಯಿಲ್ಲದೆ ಹೇಳಿತು. ಅದರಿಂದ ದೇಶವೇನೂ ದುರ್ಬಲವಾಗಲಿಲ್ಲ. ಬದಲಿಗೆ ಮೂರೂ ಪಡೆಗಳ ಸಮನ್ವಯಕ್ಕೆ ಒಬ್ಬ ಮುಖ್ಯಸ್ಥ ಬೇಕೆಂಬ ಚಿಂತನೆ ಅಲ್ಲಿಂದ ಬಲಗೊಂಡು, ಇಪ್ಪತ್ತು ವರ್ಷಗಳ ನಂತರ ಸಿಡಿಎಸ್ ಹುದ್ದೆಯಾಗಿ ಬಂತು.

ಅದೇ ಸಿಡಿಎಸ್ ಹುದ್ದೆಯಲ್ಲಿದ್ದ ಜನರಲ್ ಅನಿಲ್ ಚೌಹಾಣ್ 2025ರ ಮೇ 31ರಂದು, ಆಪರೇಷನ್ ಸಿಂಧೂರದಲ್ಲಿ ನಮ್ಮ ಯುದ್ಧವಿಮಾನಗಳ ನಷ್ಟವಾದದ್ದನ್ನು ಮೊದಲ ಬಾರಿಗೆ ಒಪ್ಪಿಕೊಂಡರು. ಎಷ್ಟು ಬಿದ್ದವು ಎಂಬುದಕ್ಕಿಂತ ಏಕೆ ಬಿದ್ದವು ಎಂಬುದು ಮುಖ್ಯ ಎಂದರು. ಸರಿಯಾದ ಮಾತು. ಆದರೆ ಅದನ್ನು ಹೇಳಿದ್ದು ಸಿಂಗಾಪುರದಲ್ಲಿ, ವಿದೇಶಿ ಸುದ್ದಿಸಂಸ್ಥೆಯ ಕ್ಯಾಮೆರಾ ಮುಂದೆ. ಕಾರ್ಗಿಲ್ ಮಾದರಿಯ ಪರಿಶೀಲನಾ ಸಮಿತಿ ಬೇಕು ಎಂದು ವಿರೋಧ ಪಕ್ಷ ಒತ್ತಾಯಿಸಿತು. 1962ರ ವರದಿಯನ್ನು ತಾನೂ ಮುಚ್ಚಿಟ್ಟಿದ್ದ ಕಾಂಗ್ರೆಸ್ಸಿಗೆ ಈ ಬೇಡಿಕೆ ಇಡಲು ನೈತಿಕತೆ ಎಷ್ಟಿದೆ ಎಂದು ಕೇಳಬಹುದು. ಹಾಗೆಂದು ಬೇಡಿಕೆ ತಪ್ಪಾಗುವುದಿಲ್ಲ.

ಮಾಡಬಹುದಾದ ಮೂರು ಕೆಲಸ

ಮೊದಲನೆಯದು, ಹೆಂಡರ್ಸನ್ ಬ್ರೂಕ್ಸ್ ವರದಿಯ ಬಿಡುಗಡೆ. 1962ರ ರೈಫಲ್ಲು, ರಸ್ತೆ, ಠಾಣೆಗಳ ವಿವರ ಇಂದು ಯಾವ ಶತ್ರುವಿಗೂ ಉಪಯೋಗವಿಲ್ಲ. ಎರಡನೆಯದು, ನಿವೃತ್ತ ಸೇನಾಧಿಕಾರಿಗಳ ಹಸ್ತಪ್ರತಿ ಪರಿಶೀಲನೆಗೆ ಕಾಲಮಿತಿ. ಗುಟ್ಟಿನ ಭಾಗವನ್ನು ಗುರುತಿಸಿ ತೆಗೆಯಲಿ, ಕಾರಣ ಬರೆದು ಕೊಡಲಿ, ಉಳಿದದ್ದನ್ನು ಬಿಡಲಿ. ವರ್ಷಗಟ್ಟಲೆ ಉತ್ತರವನ್ನೇ ಕೊಡದೆ ಕೂರುವುದು ಪರಿಶೀಲನೆ ಅಲ್ಲ. ಮೂರನೆಯದು, ಪ್ರತಿ ದೊಡ್ಡ ಸೇನಾ ಕಾರ್ಯಾಚರಣೆಯ ನಂತರ ಕಾರ್ಗಿಲ್ ಮಾದರಿಯ ಪರಿಶೀಲನೆ ಸಹಜ ಪದ್ಧತಿಯಾಗಲಿ. ಗೆದ್ದಾಗಲೂ ಆಗಲಿ. ಗೆದ್ದಾಗಲೇ ಹೆಚ್ಚು ಬೇಕು, ಏಕೆಂದರೆ ಗೋವಾದ ಗೆಲುವಿನ ಸಂಭ್ರಮದಲ್ಲೇ ನಾವು ಹಿಮಾಲಯವನ್ನು ಮರೆತದ್ದು.

ತಿಮ್ಮಯ್ಯ 1965ರ ಡಿಸೆಂಬರ್‌ನಲ್ಲಿ ಸೈಪ್ರಸ್‌ನಲ್ಲಿ ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆಯನ್ನು ಮುನ್ನಡೆಸುತ್ತಿದ್ದಾಗಲೇ ತೀರಿಕೊಂಡರು. ಮಡಿಕೇರಿಯಲ್ಲಿ ಅವರು ಬೆಳೆದ ‘ಸನ್ನಿ ಸೈಡ್’ ಮನೆ ಈಗ ಅವರ ಹೆಸರಿನ ವಸ್ತುಸಂಗ್ರಹಾಲಯ. 2021ರ ಫೆಬ್ರವರಿಯಲ್ಲಿ ರಾಷ್ಟ್ರಪತಿಗಳೇ ಬಂದು ಅದನ್ನು ಉದ್ಘಾಟಿಸಿದರು. ಸೇನಾನಿಯ ಸಮವಸ್ತ್ರವನ್ನು, ಪದಕಗಳನ್ನು ಕಾಪಾಡಿ ಇಡುವುದರಲ್ಲಿ ನಮಗೆ ಶ್ರದ್ಧೆಯಿದೆ. ಅವರು ಎಚ್ಚರಿಸಿದ ಯುದ್ಧದಲ್ಲಿ ಆದದ್ದೇನು ಎಂದು ಹೇಳುವ ವರದಿ ಮಾತ್ರ ಇನ್ನೂ ದಿಲ್ಲಿಯ ಬೀರುವಿನಲ್ಲಿದೆ. ಮುಂದಿನ ಸಲ ಯಾವುದೋ ಊರಿನ ಮತದಾರ ಗಡಿಯ ವಿಷಯದಲ್ಲಿ ಮತ ಹಾಕುವ ದಿನ ಬಂದಾಗ, ಮುಂಬೈ ಉಪನಗರದವನಿಗೆ 1962ರಲ್ಲಿ ಸಿಗದ ಕಾಗದ ಅವನಿಗಾದರೂ ಸಿಗಬೇಕು.